ಪಾಲಜ್ಜಿಯ ಕಥೆಗೊಂದು ಹೂಂ

ಗುಡೇಕೋಟೆಯಲ್ಲಿ ಹುಟ್ಟಿದ ನಾನು ಮೈಸೂರು ಸೇರಿ ಬಹಳ ಕಾಲವಾಯಿತು. ನಮ್ಮ ಮ್ಯಾಸಬೇಡರ ಹಿರಿಯರು ದೇವರ ಎತ್ತುಗಳನ್ನು ಹೊಡೆದುಕೊಂಡು ಆ ಸೀಮೆಗೆ ಬಂದ ಕಥೆಯನ್ನು ಪೂರ್ತಿ ಬಲ್ಲವರು ಈಗ ಅಲ್ಲಿ ಪಾಲಜ್ಜಿ ಒಬ್ಬರೇ. ಅವರ ದನಿಯಲ್ಲೇ ಅದನ್ನು ಸಾಕ್ಷ್ಯಚಿತ್ರಕ್ಕೆ ಇಳಿಸಿಯೇ ತೀರುತ್ತೇನೆಂದು ಈ ಇಳಿವಯಸ್ಸಿನಲ್ಲಿ ಕ್ಯಾಮೆರಾ ಹಿಡಿದು ಹೋದೆ.

ಅಂಗಳದಲ್ಲಿ ಸೇರಿದ್ದವರಿಗೆಲ್ಲ ಉಸಿರೆತ್ತಬೇಡಿ ಎಂದು ತಾಕೀತು ಮಾಡಿ ಮೈಕು ಚಾಲೂ ಮಾಡಿದೆ. ನಾಲ್ಕು ಮಾತು ಹೇಳಿ ಅಜ್ಜಿ ನಿಲ್ಲಿಸಿಬಿಟ್ಟರು. ಅವರಿಗೆ ಕಣ್ಣು ಕಾಣುವುದಿಲ್ಲ.

“ಎಲ್ಲಾರೂ ಎದ್ದು ಹೋದ್ರೇನು?”

“ಇಲ್ಲೇ ಅದೀವಜ್ಜಿ. ಮೈಕಿನಾಗ ಬ್ಯಾರೆ ದನಿ ಬೀಳಬಾರ್ದು ಅಂತ ಸುಮ್ನದೀವಿ” ಎಂದೆ.

“ಹೂಂ ಅನ್ನೋರು ಇಲ್ದ ಕತಿ ಹೆಂಗ ಮುಂದಕ್ಕ ಹೋಗ್ತೈತಿ? ನಿನ್ನ ಡಬ್ಬಿ ಹೂಂ ಅಂತೈತೇನು?”

ಎಲ್ಲರೂ ಗೊಳ್ಳೆಂದು ನಕ್ಕರು.

“ಅನ್ನಂಗಿಲ್ಲಜ್ಜಿ.”

“ಹಂಗಾರ ನೀನ ಅನ್ನು. ಊರು ಬಿಟ್ಟಾಕಿ ಅದನ್ನೂ ಮರ್ತಿಯೇನವ್ವಾ?”

ಆ ಮಾತು ಚುರ್ರೆಂದಿತು. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟು, ಅಜ್ಜಿಯ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆ. ಅವರು ಮತ್ತೆ ಮೊದಲಿನಿಂದ ಶುರು ಮಾಡಿದರು. ಎತ್ತುಗಳು ಹೊಳೆ ದಾಟಿದಾಗ ಹೂಂ, ಕರು ತಪ್ಪಿಸಿಕೊಂಡಾಗ ಹೂಂ. ಗಂಟಲು ಒಣಗಿದರೂ ನಾನು ಬಿಡಲಿಲ್ಲ. ಸಂಜೆ ಹೊತ್ತಿಗೆ ಇಡೀ ಕಥೆ ನಮ್ಮ ಕೈಸೇರಿತ್ತು.

ಮೈಸೂರಿನಲ್ಲಿ ಎಡಿಟಿಂಗ್‌ಗೆ ಕೂತ ಹುಡುಗಿ, “ಅಮ್ಮಾ, ನಿಮ್ಮ ಹೂಂ ಎಲ್ಲ ತೆಗೆದುಬಿಡಲಾ? ಕಥೆಗೆ ಅಡ್ಡ ಬರುತ್ತೆ” ಎಂದಳು. ಒಂದನ್ನೂ ಮುಟ್ಟಕೂಡದು ಎಂದೆ.

ಸಿದ್ಧವಾದ ಚಿತ್ರವನ್ನು ಅದೇ ಅಂಗಳದಲ್ಲಿ ಹಾಕಿದೆವು. ಪಾಲಜ್ಜಿ ಕೊನೆಯವರೆಗೂ ಕಿವಿಗೊಟ್ಟು ಕೇಳಿದರು.

“ಚಲೋ ಬಂದೈತಿ. ಆದ್ರ ಹೊಳಿ ದಾಟೋ ಕಡೆ ನಿನ್ನ ಹೂಂ ಸ್ವಲ್ಪ ತಡ ಆಗೈತಿ” ಎಂದರು.