ಕಿರುಬೆರಳುದ್ದದ ಭಾವ

ನಮ್ಮನೆಯವರು ಮೂವತ್ತೊಂದು ವರ್ಷದಲ್ಲಿ ಒಂದು ತಪ್ಪೂ ಮಾಡಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನೇ. ಇನ್ನೊಬ್ಬರನ್ನು ದೂರುವಂತಿಲ್ಲ. ಹೊಗಳಿ ಹೊಗಳಿ ಹೊನ್ನಶೂಲಕ್ಕೇರಿಸುವುದು ಎನ್ನುತ್ತಾರಲ್ಲ, ಅದನ್ನು ಕಟ್ಟಿಕೊಂಡ ಗಂಡನಿಗೇ ಮಾಡಿದೆ. ಮನೆಯಲ್ಲಿ ಮಾಡಿದ ತಪ್ಪುಗಳ ಪಟ್ಟಿ ನನ್ನ ಹತ್ತಿರ ಬೇರೆ ಇದೆ, ಅದು ಹಾಗಿರಲಿ. ಈಗ ಹೇಳುತ್ತಿರುವುದು ಕಾರ್ಖಾನೆಯ ಮಾತು.

ನಮ್ಮಿಬ್ಬರದೂ ಒಂದೇ ಕಾರ್ಖಾನೆ. ಅಲ್ಲಿ ತಯಾರಾಗುವುದು ಪ್ಲಾಸ್ಟಿಕ್ಕಿನ ಪುಟ್ಟ ಯುದ್ಧ ಟ್ಯಾಂಕುಗಳು, ಫೈಟರ್ ವಿಮಾನಗಳು, ಜೀಪುಗಳು, ಫಿರಂಗಿಗಳು. ಯಾವುದೂ ಪೂರ್ತಿಯಾಗಿರುವುದಿಲ್ಲ, ಎಲ್ಲ ಬಿಡಿಬಿಡಿ ಭಾಗಗಳು. ಒಂದು ಕಡ್ಡಿ ಚೌಕಟ್ಟಿಗೆ ಅಂಟಿಕೊಂಡಂತೆ ಬರುತ್ತವೆ. ಕೊಂಡವರು ಅವನ್ನು ಕತ್ತರಿಸಿ, ಅಂಟು ಹಚ್ಚಿ, ಬಣ್ಣ ಬಳಿದು ಜೋಡಿಸಿಕೊಳ್ಳಬೇಕು. ಮಕ್ಕಳಾಟ ಅಂದುಕೊಳ್ಳಬೇಡಿ, ಕೊಳ್ಳುವವರಲ್ಲಿ ತಲೆ ನರೆತ ಗಂಡಸರೇ ಹೆಚ್ಚು. ನನ್ನದು ಪ್ಯಾಕಿಂಗ್ ವಿಭಾಗ, ಚೌಕಟ್ಟುಗಳನ್ನು ಪೆಟ್ಟಿಗೆಗೆ ತುಂಬುವ ಕೆಲಸ. ಅವರದು ಅಚ್ಚು. ಕರಗಿದ ಪ್ಲಾಸ್ಟಿಕ್ ಹರಿಯುವ ಉಕ್ಕಿನ ಅಚ್ಚುಗಳನ್ನು ಈಗ ಮುಕ್ಕಾಲು ಪಾಲು ಕಂಪ್ಯೂಟರೇ ಕೊರೆಯುತ್ತದೆ. ಮನುಷ್ಯರ ಬೊಂಬೆ ಮಾತ್ರ ಅದಕ್ಕೆ ಒಗ್ಗುವುದಿಲ್ಲ. ಅದು ಕೊರೆದ ಮುಖಗಳೆಲ್ಲ ಬೇಯಿಸಿದ ಆಲೂಗಡ್ಡೆ ಹಾಗೆ ಕಾಣುತ್ತವೆ. ಸಿಪಾಯಿಗಳ ಮುಖ, ಕೈ, ಅಂಗಿಯ ಮಡಿಕೆ ಇವನ್ನೆಲ್ಲ ನಮ್ಮನೆಯವರೇ ಸೂಜಿಯಂಥ ಉಳಿ ಹಿಡಿದು ಉಕ್ಕಿನಲ್ಲಿ ತೋಡಬೇಕು.

ತೋಡುವುದೂ ನೆಟ್ಟಗಲ್ಲ, ಉಲ್ಟಾ. ಮೂಗು ಬೇಕಾದಲ್ಲಿ ಗುಂಡಿ ಮಾಡಬೇಕು. ಬೊಂಬೆಯ ಬಲಗಡೆ ಇರಬೇಕಾದದ್ದನ್ನು ಎಡಗಡೆ ತೋಡಬೇಕು. ಅದಕ್ಕಾಗಿ ಡ್ರಾಯಿಂಗನ್ನು ಗೋಡೆಗೆ ಅಂಟಿಸಿ, ಎದುರಿಗೆ ಅಂಗೈಯಗಲದ ಒಂದು ಕನ್ನಡಿ ನಿಲ್ಲಿಸಿಕೊಂಡು, ಕನ್ನಡಿಯಲ್ಲಿ ಕಂಡದ್ದನ್ನು ಮಾತ್ರ ಕೊರೆಯುತ್ತಿದ್ದರು. ಕಾರ್ಖಾನೆಯಲ್ಲಿ ಅವರಿಗೆ ಉಲ್ಟಾ ಮೇಷ್ಟ್ರು ಅಂತಲೇ ಹೆಸರು. ಹೊರಗೆ ಬಂದರೂ ಆ ಬುದ್ಧಿ ಬಿಡುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವರು ಹೇಳಿದ ದಾರಿ ಹಿಡಿದು ಬಸ್‌ಸ್ಟಾಪಿಗೆ ಹೊರಟ ನಾನು ಸ್ಮಶಾನದ ಗೇಟಿನಲ್ಲಿ ನಿಂತಿದ್ದೆ. "ಬಲಕ್ಕೆ ತಿರುಗು ಅಂದ್ರಲ್ಲ" ಎಂದು ಜಗಳ ತೆಗೆದರೆ, "ನನ್ನ ಬಲ ನಿನಗೆ ಎಡ ಅಲ್ವಾ" ಎಂದರು. ಆದರೆ ಉಕ್ಕಿನ ಮುಂದೆ ಕೂತರೆ ಎಳ್ಳಷ್ಟೂ ತಪ್ಪುತ್ತಿರಲಿಲ್ಲ. ಉಕ್ಕು ಮಣ್ಣಲ್ಲ, ಒಮ್ಮೆ ತೋಡಿದರೆ ಮುಗಿಯಿತು. ಅದಕ್ಕೇ ನನಗೆ ಅಷ್ಟು ಹೆಮ್ಮೆ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಅತ್ತೆಯ ಮುಂದೆ ಅದನ್ನೇ ಹೇಳುತ್ತಿದ್ದೆ. "ನಿಮ್ಮ ಮಗ ಮನೇಲಿ ಹೇಗಾದ್ರೂ ಇರ್ಲಿ ಅತ್ತೆ, ಅಲ್ಲಿ ಒಂದು ತಪ್ಪು ತೋರ್ಸಿ ನೋಡೋಣ."

ಅತ್ತೆಗೆ ಇಬ್ಬರು ಗಂಡುಮಕ್ಕಳು. ಹಿರಿಯವನು, ಅಂದರೆ ನನ್ನ ಭಾವ, ಸೈನ್ಯದಲ್ಲಿ ನೀರಿನ ಲಾರಿ ಓಡಿಸುತ್ತಿದ್ದ. ಗಡಿಯಲ್ಲಿ ಕಾದಾಟ ನಡೆದ ವರ್ಷ ಲಾರಿ ಸಿಕ್ಕಿತು, ಅವನು ಸಿಗಲಿಲ್ಲ. ಆಗ ಅವನಿಗೆ ಇಪ್ಪತ್ತೊಂದು, ನಮ್ಮನೆಯವರಿಗೆ ಹನ್ನೆರಡು. ಗುರುತಿಗೆ ಬೇಕು ಎಂದು ಸೈನ್ಯದ ಕಚೇರಿಯವರು ಮನೆಯಲ್ಲಿದ್ದ ಒಂದೇ ಒಂದು ಫೋಟೋವನ್ನು ಒಯ್ದರು. ಫೋಟೋ ವಾಪಸು ಬರಲಿಲ್ಲ. ನಾನು ಆ ಮನೆಗೆ ಸೊಸೆಯಾಗಿ ಹೋದದ್ದು ಎಷ್ಟೋ ವರ್ಷದ ಮೇಲೆ. ಭಾವನನ್ನು ನಾನು ನೋಡಿದ್ದೇ ಅತ್ತೆಯ ಮಾತಿನಲ್ಲಿ.

ಭಾವ ಎಡಚ. ಎಡಗೈಯಲ್ಲಿ ಬರೆಯುವ ಹುಡುಗನಿಗೆ ಎಲ್ಲೂ ಕೆಲಸ ಸಿಗುವುದಿಲ್ಲ ಎಂದು ಶಾಲೆಯ ಮೇಷ್ಟ್ರೊಬ್ಬರು ಹೇಳಿದ್ದರಂತೆ. ಅತ್ತೆ ಅದನ್ನು ನಂಬಿ, ಅಡಿಗೋಲು ಹಿಡಿದು ಕೂತು, ಎಡಗೈ ಪೆನ್ಸಿಲ್ ಮುಟ್ಟಿದಾಗಲೆಲ್ಲ ಗೆಣ್ಣಿನ ಮೇಲೆ ಬಾರಿಸುತ್ತಿದ್ದರು. ಹೊಡೆದೂ ಹೊಡೆದೂ ಅವನು ಅಮ್ಮನ ಎದುರಿಗೆ ಬಲಗೈಯವನಾದ. ಅಮ್ಮ ಮರೆಯಾದರೆ ಮತ್ತೆ ಎಡಗೈ. ಕೊನೆಯ ಸಲ ರಜೆ ಮುಗಿಸಿ ಹೊರಟ ಬೆಳಿಗ್ಗೆ, ಬೀದಿಯ ತಿರುವಿನಲ್ಲಿ ಚೀಲ ಕೆಳಗಿಟ್ಟು ತಿರುಗಿ ನೋಡಿ ಕೈ ಎತ್ತಿದನಂತೆ. ಎಡಗೈ. ಬಾಗಿಲಲ್ಲಿ ನಿಂತಿದ್ದ ಅತ್ತೆ ರೂಢಿಯ ಮೇಲೆ ಗದರಿದರು: "ಯಾವ ಕೈಯೋ ಅದು?"

ಅವನು ನಕ್ಕು, ಕೈ ಇಳಿಸಿ, ಚೀಲ ಎತ್ತಿಕೊಂಡು ಹೋದ. ಅವನಿಗೆ ಅವರು ಆಡಿದ ಕೊನೆಯ ಮಾತು ಅದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಆ ಮನೆಗೆ ಬಂದಾಗಿನಿಂದ ಅತ್ತೆ ಇದನ್ನು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಆ ಎರಡು ಕೋಣೆಯ ಮನೆ ಬಿಟ್ಟು ದೊಡ್ಡ ಮನೆಗೆ ಹೋಗೋಣ ಎಂದು ನಾನು ಎಷ್ಟು ಹಟ ಮಾಡಿದರೂ ಅವರು ಒಪ್ಪಲಿಲ್ಲ. ಕಿಟಕಿಯಿಂದ ಆ ತಿರುವು ಕಾಣುತ್ತದೆ, ಅಷ್ಟೇ ಕಾರಣ. ಅಲ್ಲಿ ಈಗ ಒಂದು ಔಷಧಿ ಅಂಗಡಿ ಇದೆ.

"ಇನ್ನೊಂದು ಸಲ ಅವನು ಆ ಕೈ ಎತ್ತಿದ್ದು ಕಂಡ್ರೆ ಸಾಕು" ಎನ್ನುತ್ತಿದ್ದರು. "ಬೈಯಲ್ಲ ಅಂತ ಹೇಳ್ಬೇಕು ಅವನಿಗೆ."

ಎಂಬತ್ತು ದಾಟಿದ ಮೇಲೆ ಇನ್ನೊಂದು ಕಷ್ಟ ಶುರುವಾಯಿತು. ಒಂದು ಸಂಜೆ ಚಹಾ ಕುಡಿಯುತ್ತ ಕೂತವರು ಲೋಟ ಕೆಳಗಿಟ್ಟು, "ಅವನ ಮುಖ ನೆನಪಿಗೆ ಬರ್ತಾ ಇಲ್ಲ" ಎಂದರು. ಅಳಲಿಲ್ಲ, ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕುವವರ ಹಾಗೆ ಸುತ್ತ ನೋಡಿದರು. ನಮ್ಮನೆಯವರು ಎದ್ದು ಒಳಗೆ ಹೋದರು.

ಅದೇ ವರ್ಷ ಕಾರ್ಖಾನೆಗೆ ಹೊಸ ಕಿಟ್‌ನ ಆರ್ಡರ್ ಬಂತು. ಸೈನ್ಯದ ನೀರಿನ ಲಾರಿ. ಟ್ಯಾಂಕು, ವಿಮಾನ ಎಲ್ಲ ಮಾಡಿ ಮುಗಿಸಿದ ಗಿರಾಕಿಗಳು ಇಂಥವನ್ನೂ ಕೇಳತೊಡಗಿದ್ದರು. ಭಾವ ಓಡಿಸುತ್ತಿದ್ದ ಅದೇ ಜಾತಿಯ ಲಾರಿ. ಮೂವತ್ತೈದರಲ್ಲಿ ಒಂದು ಪಾಲು ಅಳತೆ, ಎಂದರೆ ನಿಂತ ಮನುಷ್ಯ ಕಿರುಬೆರಳುದ್ದ ಬರುತ್ತಾನೆ. ನಮ್ಮನೆಯವರು ಮ್ಯಾನೇಜರ ಹತ್ತಿರ ಹೋಗಿ, "ಚೌಕಟ್ಟಲ್ಲಿ ಒಂದು ಮೂಲೆ ಖಾಲಿ ಇದೆ. ಲಾರಿ ಪಕ್ಕ ನಿಂತಿರೋ ಒಬ್ಬನ್ನ ಹಾಕ್ತೀನಿ" ಎಂದರು.

"ಡ್ರಾಯಿಂಗ್ ಎಲ್ಲಿ?"

"ಡ್ರಾಯಿಂಗ್ ಇಲ್ಲ."

"ನಿಮಗೆ ಡ್ರಾಯಿಂಗ್ ಯಾಕೆ ಬಿಡಿ" ಎಂದರು ಮ್ಯಾನೇಜರ್. "ನೀವೇನು ತಪ್ಪು ಮಾಡೋರಾ?"

ಮನೆಗೆ ಬಂದು ಅಮ್ಮನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, "ಅಮ್ಮಾ, ಅಣ್ಣನ್ನ ಮಾಡ್ತಾ ಇದೀನಿ" ಎಂದರು. ಅತ್ತೆ ಕೇಳಿದ್ದು ಒಂದೇ ಮಾತು: "ಎಡಗೈ ಎತ್ತಿಸ್ತೀಯಾ?"

"ಎತ್ತಿಸ್ತೀನಿ."

ಆರು ವಾರ ಅವರು ಮನುಷ್ಯರ ಹಾಗೆ ಇರಲಿಲ್ಲ. ಮೆಣಸಿನ ಕಾಳಿನಷ್ಟು ಜಾಗದಲ್ಲಿ ಅಣ್ಣನ ಮುಖ ತೋಡಬೇಕು, ಅದೂ ಹನ್ನೆರಡು ವರ್ಷದ ಹುಡುಗನ ನೆನಪಿನಿಂದ. ಮೆತ್ತನೆಯ ಮೇಣದ ಉಂಡೆಯನ್ನು ಅಚ್ಚಿಗೆ ಒತ್ತಿ ಮುಖ ನೋಡುವುದು, ಮತ್ತೆ ತೋಡುವುದು, ಮತ್ತೆ ಒತ್ತುವುದು. ಊಟದ ಮಧ್ಯೆ ತುತ್ತು ಕೈಯಲ್ಲೇ ಹಿಡಿದು "ಕಿವಿ ಸ್ವಲ್ಪ ಹೊರಗಿತ್ತು" ಎನ್ನುತ್ತಿದ್ದರು. "ನಿಮ್ಮ ಕಿವಿ ಇಲ್ಲಿದೆ, ನನ್ನ ಮಾತು ಕೇಳಿಸುತ್ತಾ?" ಎಂದು ನಾನು ಬೈದರೂ ನಗುತ್ತಿರಲಿಲ್ಲ. ಮುಖ ಮುಗಿದ ದಿನ ಮಾತ್ರ ದಾರಿಯುದ್ದಕ್ಕೂ ಹಗುರಾಗಿ ನಡೆದರು. ಕೈ ಉಳಿದಿತ್ತು. ಕೈಯಲ್ಲೇನಿದೆ, ಸಾವಿರ ಕೈ ಕೊರೆದವರು. ಅಚ್ಚು ಮಾರನೆಯ ದಿನ ಬೆಂಕಿಗೆ ಹೋಗಬೇಕಿತ್ತು. ಒಂದೇ ಮಧ್ಯಾಹ್ನದಲ್ಲಿ ಕೈ ಕೊರೆದು, ಮೇಣ ಒತ್ತಿ ನೋಡದೆ ಕಳಿಸಿದರು. ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಉಕ್ಕಿಗೆ ಆಮೇಲೆ ಯಾವ ಉಳಿಯೂ ತಾಗುವುದಿಲ್ಲ.

ಅಚ್ಚಿನಿಂದ ಬಿದ್ದ ಮೊದಲ ಚೌಕಟ್ಟನ್ನು ಮೆಷಿನ್ ನಡೆಸುವವನು ಕಾಗದದಲ್ಲಿ ಸುತ್ತಿ ಕೊಟ್ಟ. ನಮ್ಮನೆಯವರು ಬಿಚ್ಚಿ ನೋಡಲಿಲ್ಲ. "ತೋರಿಸ್ರೀ" ಎಂದರೆ, "ಅಮ್ಮ ಮೊದಲು ನೋಡ್ಲಿ" ಎಂದರು. ಜೇಬಿನ ಮೇಲೆ ಕೈಯಿಟ್ಟುಕೊಂಡೇ ಮನೆಯವರೆಗೆ ನಡೆದರು.

ಅತ್ತೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಭೂತಗನ್ನಡಿ ಹಿಡಿದು ತಯಾರಾಗಿದ್ದರು. ಬೆಳಿಗ್ಗೆಯಿಂದ ಎದ್ದಿರಲಿಲ್ಲವೋ ಏನೋ. ನಮ್ಮನೆಯವರು ಕಾಗದ ಬಿಚ್ಚಿ, ಬೊಂಬೆಯನ್ನು ಕತ್ತರಿಸಿ, ಅವರ ಅಂಗೈಯಲ್ಲಿ ನಿಲ್ಲಿಸಿದರು. ಬೂದು ಬಣ್ಣದ ಪ್ಲಾಸ್ಟಿಕ್, ಬಣ್ಣ ಇನ್ನೂ ಇಲ್ಲ. ಅತ್ತೆ ಗಾಜು ಹಿಡಿದು ಬಗ್ಗಿದರು.

"ಇವನೇ" ಎಂದರು. "ಇದೇ ಮುಖ. ಈ ಕಿವಿ ನೋಡು. ಅಯ್ಯೋ ನನ್ನಪ್ಪಾ, ನಿನ್ನ ಮುಖ ಮರೆತೇಬಿಟ್ಟಿದ್ನಲ್ಲೋ."

ನನಗೂ ಅಳು ಬಂತು. ಇಷ್ಟು ವರ್ಷ ಕೇಳಿಯೇ ಗೊತ್ತಿದ್ದ ಭಾವನನ್ನು ಆವತ್ತು ಮೊದಲ ಸಲ ನೋಡಿದೆ. ಆಮೇಲೆ ಅತ್ತೆಯ ಗಾಜು ಸ್ವಲ್ಪ ಸರಿಯಿತು, ಅಲ್ಲೇ ನಿಂತಿತು. ಬೊಂಬೆಯನ್ನು ಬೆಳಕಿಗೆ ತಿರುಗಿಸಿದರು. ತಮ್ಮ ಎರಡು ಕೈಗಳನ್ನೂ ಒಂದೊಂದಾಗಿ ನೋಡಿಕೊಂಡರು.

"ಬಲಗೈ ಎತ್ತಿದಾನೆ" ಎಂದರು.

ನಮ್ಮನೆಯವರು ಅವರ ಭುಜದ ಮೇಲಿಂದ ಬಗ್ಗಿ ನೋಡಿದರು. ಡ್ರಾಯಿಂಗ್ ಇರಲಿಲ್ಲ, ಹಾಗಾಗಿ ಕನ್ನಡಿಯೂ ಇರಲಿಲ್ಲ. ಕಣ್ಣ ಮುಂದೆ ಅಣ್ಣ ನಿಂತಿದ್ದ, ಹೇಗೆ ನಿಂತಿದ್ದನೋ ಹಾಗೇ ಕೊರೆದುಬಿಟ್ಟಿದ್ದರು. ತಿರುಗಿಸುವುದನ್ನು ಮರೆತಿದ್ದರು.

ಅತ್ತೆ ಗಾಜು ಕೆಳಗಿಟ್ಟರು. "ನಾನು ಗದರಿದ್ನಲ್ಲ. ಅದಕ್ಕೇ ಕೈ ಬದಲಾಯಿಸಿಬಿಟ್ಟಿದಾನೆ. ಸತ್ತಮೇಲೂ ನನ್ನ ಹೆದರಿಕೆ ಹೋಗಿಲ್ಲ ನೋಡು ಅವನಿಗೆ."

"ಅಲ್ಲಮ್ಮಾ, ನನ್ನ ತಪ್ಪು ಇದು. ನಾನು ಉಲ್ಟಾ ತೋಡಬೇಕಿತ್ತು, ನೆಟ್ಟಗೆ ತೋಡಿದೆ. ಮರೆತೆ."

ಅತ್ತೆ ತಲೆಯಾಡಿಸಿದರು. "ನೀನು ತಪ್ಪು ಮಾಡೋನಲ್ಲ. ಮೂವತ್ತೊಂದು ವರ್ಷದಲ್ಲಿ ಒಂದೂ ಮಾಡಿಲ್ಲ, ಇವಳೇ ಹೇಳ್ತಾಳಲ್ಲ ದಿನಾ. ನನ್ನ ಸಮಾಧಾನಕ್ಕೆ ಹೇಳ್ತಿದೀಯ."

ನಾನು ಬಾಯಿ ತೆಗೆದೆ. "ಅತ್ತೆ, ನಿಜವಾಗ್ಲೂ ಅವರದ್ದೇ ತಪ್ಪು." ಇಷ್ಟು ದಿನ ಕೊಚ್ಚಿಕೊಂಡ ಬಾಯಿಯಿಂದ ಆ ಮಾತು ನನಗೇ ಸುಳ್ಳಾಗಿ ಕೇಳಿತು. ಜನ ಸತ್ಯದ ತಲೆಯ ಮೇಲೆ ಹೊಡೆದಂತೆ ಸುಳ್ಳು ಹೇಳುತ್ತಾರೆ. ನಮಗಿಬ್ಬರಿಗೂ ಆವತ್ತು ಸತ್ಯವನ್ನೇ ಸತ್ಯದ ಹಾಗೆ ಹೇಳಲು ಆಗಲಿಲ್ಲ.

ನಮ್ಮನೆಯವರು ಓಡಿಹೋಗಿ ಗಡ್ಡ ಹೆರೆಯುವ ಕನ್ನಡಿ ತಂದು ಬೊಂಬೆಯ ಎದುರು ಹಿಡಿದರು. "ಇದರಲ್ಲಿ ನೋಡಮ್ಮಾ. ಎಡಗೈ. ನಾನು ಮಾಡಬೇಕಾಗಿದ್ದು ಇದು."

ಅತ್ತೆ ನೋಡಿದರು. "ಕನ್ನಡೀಲಿ ಎಲ್ಲರ ಬಲಗೈಯೂ ಎಡಗೈನೇ ಅಲ್ವೇನೋ" ಎಂದರು, ಮಗುವಿಗೆ ಹೇಳುವ ಹಾಗೆ.

ಮ್ಯಾನೇಜರನ್ನು ಕೇಳಿದ್ದಾಯಿತು. ಪಕ್ಕದಲ್ಲಿ ನಿಂತವನ ಒಂದು ಕೈಗಾಗಿ ಹೊಸ ಅಚ್ಚು ಮಾಡುವುದಕ್ಕಾಗುತ್ತದೆಯೇ? "ಯಾವ ಕೈ ಎತ್ತಿದ್ರೇನು, ಯಾರಿಗೆ ಗೊತ್ತಾಗುತ್ತೆ" ಎಂದರು. ಅವರ ಮೇಲೂ ನನಗೆ ಸಿಟ್ಟಿಲ್ಲ. ಮನೆಯ ಮೇಜಿನ ಮೇಲೆಯೇ ನಮ್ಮನೆಯವರು ಇನ್ನೊಂದು ಬೊಂಬೆಯ ಬಲಗೈ ಕತ್ತರಿಸಿ ಇಳಿಸಿ, ಅಂಟು ತುಂಬಿ ಎಡಗೈ ಎಬ್ಬಿಸಿ, ಅಂಗಿಗೆ, ಕೂದಲಿಗೆ ಬಣ್ಣ ಹಚ್ಚಿದರು. ಹತ್ತು ದಿನದ ಕೆಲಸ. ಅದರಲ್ಲಿ ಸಂದು ಹುಡುಕಿದರೂ ಸಿಗುತ್ತಿರಲಿಲ್ಲ. ಅತ್ತೆ ಅದನ್ನು ನೋಡಿ, ಮಗನ ಕೆನ್ನೆ ಸವರಿ, ವಾಪಸು ಕೊಟ್ಟರು.

"ಇದು ನೀನು ಮಾಡಿದ್ದು" ಎಂದರು. "ಅದು ಅವನಾಗೇ ಬಂದದ್ದು."

ಬಣ್ಣವಿಲ್ಲದ ಮೊದಲನೆಯದೇ ಕಿಟಕಿಯ ಕಟ್ಟೆಯ ಮೇಲೆ ಉಳಿಯಿತು, ಬೀದಿಗೆ ಬೆನ್ನು ಮಾಡಿ, ಅತ್ತೆಯ ಕಡೆಗೆ ಮುಖ ಮಾಡಿ. ದಿನಾ ಬೆಳಿಗ್ಗೆ ಅತ್ತೆ ಅದರ ಎದುರು ಕೂತು ತಮ್ಮ ಎಡಗೈ ಎತ್ತುತ್ತಿದ್ದರು. "ನೋಡು, ನಾನೂ ಇದೇ ಕೈ ಎತ್ತಿದೀನಿ. ಏನೂ ಆಗಲ್ಲ. ನೀನೂ ಎತ್ತು ಮಗನೇ, ಬೈಯಲ್ಲ." ಒಳಗೆ ಅಂಗಿ ತೊಡುತ್ತಿದ್ದ ನಮ್ಮನೆಯವರಿಗೆ ಎಲ್ಲ ಕೇಳಿಸುತ್ತಿತ್ತು. ಗುಂಡಿ ಹಾಕಿಕೊಳ್ಳುವುದನ್ನು ನಿಲ್ಲಿಸಿ ನಿಂತಿರುತ್ತಿದ್ದರು. ನನ್ನ ನಾಲಿಗೆ ಅಷ್ಟು ಉದ್ದವಿದ್ದು ಏನು ಪ್ರಯೋಜನ?

ಲಾರಿಯ ಕಿಟ್ ಅಂಗಡಿಗಳಿಗೆ ಹೋದ ತಿಂಗಳು ಅತ್ತೆ ತೀರಿಕೊಂಡರು. ಮಧ್ಯಾಹ್ನ ಕುರ್ಚಿಯಲ್ಲಿ ಕೂತಂತೆಯೇ ಹೋದರು. ಕೈ ಎರಡೂ ಮಡಿಲಲ್ಲಿದ್ದವು. ಆ ಕಿಟ್ ಚೆನ್ನಾಗಿ ಮಾರಾಟವಾಯಿತು. ನಾನೇ ಸಾವಿರಾರು ಪೆಟ್ಟಿಗೆ ತುಂಬಿದೆ, ಪ್ರತಿಯೊಂದರಲ್ಲೂ ಬಲಗೈ ಎತ್ತಿದ ಭಾವ. ಮುಚ್ಚಳ ಹಾಕುವ ಮೊದಲು ಅವನ ಮುಖ ನೋಡದೆ ಇರಲು ಆಗುತ್ತಿರಲಿಲ್ಲ.

ಕಳೆದ ತಿಂಗಳು ನಮ್ಮನೆಯವರು ನಿವೃತ್ತರಾದರು. ಕ್ಯಾಂಟೀನಿನಲ್ಲಿ ಮೇಜು ಸರಿಸಿ ಒಂದು ಸಣ್ಣ ಸಭೆ ಮಾಡಿದರು. ಮ್ಯಾನೇಜರ್ ಎದ್ದು, "ಮೂವತ್ನಾಲ್ಕು ವರ್ಷ, ಒಂದು ತಪ್ಪಿಲ್ಲ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮನೆಯವರು ಎದ್ದು ನಿಂತರು, ಚಪ್ಪಾಳೆ ನಿಲ್ಲುವವರೆಗೆ ಕಾದರು.

"ಒಂದು ಮಾಡಿದೀನಿ" ಎಂದರು.

ಎಲ್ಲರೂ ನಕ್ಕರು. ಎಷ್ಟು ದೊಡ್ಡ ಮನುಷ್ಯ, ಎಷ್ಟು ವಿನಯ ಎಂದು ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ನಾನೊಬ್ಬಳು ಕೈ ಕಟ್ಟಿಕೊಂಡು ಕೂತಿದ್ದೆ.