ದೀಪ ಬಂದಾಗ ಸ್ಟೇರಿಂಗ್ ಯಾರ ಕೈಯಲ್ಲಿತ್ತು?

ನನ್ನ ಸಿಟ್ಟಿಗೆ ಕಾರಣ ಒಂದು ದೀಪ. ಕಿರುಬೆರಳಿನ ಉಗುರಿನಷ್ಟು ದೊಡ್ಡದು, ಹಳದಿ ಬಣ್ಣದ್ದು. ನಮ್ಮ ಕಾರಿನ ಸ್ಪೀಡೋಮೀಟರಿನ ಎಡಗಡೆ ಅದು ಹತ್ತೊಂಬತ್ತು ದಿನ ಉರಿಯಿತು. ಹತ್ತೊಂಬತ್ತು ಎಂದು ಅಂದಾಜಿನಲ್ಲಿ ಹೇಳುತ್ತಿಲ್ಲ. ದಿನಾ ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ, ದೀಪ ಉಂಟೋ ಇಲ್ಲವೋ ನೋಡಿ, ನನ್ನ ಪುಸ್ತಕದಲ್ಲಿ ಒಂದೊಂದು ಗೆರೆ ಎಳೆದಿದ್ದೇನೆ. ಆ ಪುಸ್ತಕದ ವಿಷಯಕ್ಕೆ ಆಮೇಲೆ ಬರುತ್ತೇನೆ. ಬಾರದೆ ನನಗೆ ಬಿಡುಗಡೆಯಿಲ್ಲ.

ದೀಪ ಎಂದೆ, ಸರಿಯಾಗಿ ಹೇಳಬೇಕೆಂದರೆ ಅದೊಂದು ಚಿತ್ರ. ಎಂಜಿನ್ನಿನ ಚಿತ್ರವಂತೆ. ಅದನ್ನು ಬರೆದವನು ಜೀವಮಾನದಲ್ಲಿ ಒಮ್ಮೆಯೂ ಬಾನೆಟ್ ಎತ್ತಿ ನೋಡಿದವನಲ್ಲ ಎಂದು ನಾನು ಬರೆದು ಕೊಡುತ್ತೇನೆ. ಅಮ್ಮ ಮೊದಲ ಸಲ ಅದನ್ನು ಕಂಡು, “ಇದೆಂತ, ತಲೆ ಕಡಿದ ಮಾಂಜಿ ಮೀನಾ?” ಎಂದು ಕೇಳಿದ್ದಳು. ಅಮ್ಮ ಇಪ್ಪತ್ತೆರಡು ವರ್ಷಗಳಿಂದ ಸುರತ್ಕಲ್ ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು. ಆಕಾರ ನೋಡಿ ಮೀನು ಹೇಳುವುದರಲ್ಲಿ ಅವಳು ತಪ್ಪುವುದಿಲ್ಲ. ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಹುಡುಕಿದೆ. ಈ ದೀಪ ಉರಿದರೆ ಸಮೀಪದ ಸರ್ವೀಸ್ ಕೇಂದ್ರಕ್ಕೆ ಹೋಗಿ ಎಂದು ಇತ್ತು. ಏನಾಗಿದೆ ಎಂದು ಹೇಳದೆ, ಏನೋ ಆಗಿದೆ ಎಂದಷ್ಟೇ ಹೇಳಿ ಮುಖ ತಿರುಗಿಸುವ ನೆಂಟರಿದ್ದಾರಲ್ಲ, ಆ ಜಾತಿಯ ದೀಪ ಇದು.

ಕಡಲಿನಲ್ಲಿ ದೀಪಗಳಿಗೆ ಇದಕ್ಕಿಂತ ಮರ್ಯಾದೆ ಉಂಟು. ಅಪ್ಪ ಮೂವತ್ತು ವರ್ಷ ಮೀನಿನ ಬೋಟು ಓಡಿಸಿದವರು. ಒಂದೊಂದು ಲೈಟ್‌ಹೌಸಿಗೂ ಒಂದೊಂದು ಲೆಕ್ಕವಂತೆ: ಇಷ್ಟು ಸಲ ಮಿನುಗಿ ಇಷ್ಟು ಹೊತ್ತು ಸುಮ್ಮನಿರಬೇಕು. ದೂರದಿಂದ ಎಣಿಸಿದರೆ ಸಾಕು, ಇದು ಯಾವ ಊರು ಎಂದು ತಿಳಿಯುತ್ತದೆ. ಅಂದರೆ ಕಡಲಿನ ದೀಪ ಮೊದಲು ತನ್ನ ಹೆಸರು ಹೇಳಿಕೊಂಡು ಆಮೇಲೆ ಮಾತಾಡುತ್ತದೆ. ಅಷ್ಟು ಸಭ್ಯತೆಯನ್ನು ನಾನು ಕಾರಿನಿಂದಲೂ ನಿರೀಕ್ಷಿಸಿದ್ದು ತಪ್ಪೇ?

ದೀಪದ ಮೇಲೆ ಇಷ್ಟು ಸಿಟ್ಟು ಯಾಕೆಂದರೆ, ಆ ಕಾರು ನಮಗೆ ಶೋಕಿಯದ್ದಲ್ಲ. ಅಮ್ಮ ದಿನಾ ಬೆಳಿಗ್ಗೆ ಬೋಟುಗಳು ಬಂದು ನಿಲ್ಲುವ ದಕ್ಕೆಗೆ ಹೋಗಿ, ಏಲಂ ಕೂಗಿ ಮೀನು ಕೊಂಡು, ಬುಟ್ಟಿ ಹೊತ್ತುಕೊಂಡು ಸುರತ್ಕಲ್‌ಗೆ ಬಸ್ಸು ಹತ್ತಬೇಕು. ಹತ್ತಬೇಕು ಎನ್ನುವುದು ಅಮ್ಮನ ಕಡೆಯ ಮಾತು. ಬಸ್ಸಿನ ಕಡೆಯ ಮಾತು ಬೇರೆ. “ಅಕ್ಕ, ಬುಟ್ಟಿ ಬೇಡ, ನೀರು ಸೋರ್ತದೆ, ಜನ ಬೈತಾರೆ” ಎಂದು ಕಂಡಕ್ಟರ್ ಬಾಗಿಲಿಗೆ ಕೈ ಅಡ್ಡ ಇಡುತ್ತಾನೆ. ಅದೇ ಕಂಡಕ್ಟರ್ ಸಂಜೆ ಅಮ್ಮನ ಹತ್ತಿರ ಬಂದು ಬಂಗುಡೆ ತಾಜಾ ಉಂಟಾ ಎಂದು ಕಿವಿರು ಎತ್ತಿ ನೋಡುತ್ತಾನೆ. ಕಳೆದ ಮಳೆಗಾಲ ಮುಗಿದ ಮೇಲೆ ನಾನು ಎಣಿಸಲು ಶುರು ಮಾಡಿದೆ. ಒಂದೇ ತಿಂಗಳಲ್ಲಿ ಅಮ್ಮನನ್ನು ಬಿಟ್ಟು ಹೋದ ಬಸ್ಸುಗಳು ಮೂವತ್ತೇಳು. ಆ ಸಂಖ್ಯೆಯನ್ನು ಗಟ್ಟಿಯಾಗಿ ಓದಿ ಹೇಳಿದ ರಾತ್ರಿ ಅಮ್ಮ ಊಟದ ಬಟ್ಟಲಿನಿಂದ ತಲೆ ಎತ್ತದೆ, “ನನಗೆ ಕಾರು ಕಲಿಸು” ಎಂದಳು. ಆಗ ಅವಳಿಗೆ ನಲವತ್ತೊಂಬತ್ತು. ಹಳೆಯ ಕಾರು ಬಂತು, ಎರಡನೇ ಪ್ರಯತ್ನಕ್ಕೆ ಲೈಸೆನ್ಸೂ ಬಂತು. ಡಿಕ್ಕಿಯಲ್ಲಿ ಮಂಜುಗಡ್ಡೆ ತುಂಬಿದ ಎರಡು ಪೆಟ್ಟಿಗೆ ಇಟ್ಟುಕೊಂಡು ಅಮ್ಮ ಬೆಳಗಿನ ಹೊತ್ತು ಓಡಿಸುವುದು. ಸಂಜೆ ಸುರತ್ಕಲ್‌ನ ಲ್ಯಾಬಿನಲ್ಲಿ ನನ್ನ ಕೆಲಸ ಮುಗಿದ ಮೇಲೆ, ಅಮ್ಮನನ್ನೂ ಖಾಲಿ ಪೆಟ್ಟಿಗೆಗಳನ್ನೂ ಕೂರಿಸಿಕೊಂಡು ನಾನು ಕೂಳೂರಿನ ಮನೆಗೆ ತರುವುದು. ಅಮ್ಮ ಮೀನು ಬೇಗ ಮುಗಿಸಿ ಬಸ್ಸಿನಲ್ಲಿ ಹೊರಟುಹೋದ ದಿನ ನಾನೊಬ್ಬಳೇ. ಹೀಗೆ ಏರ್ಪಾಡಾಯಿತು.

ಐದು ವಾರ ಚೆನ್ನಾಗಿ ನಡೆಯಿತು. ಆರನೇ ವಾರದ ಮಂಗಳವಾರ ಬೆಳಿಗ್ಗೆ ಕೂಳೂರು ಸೇತುವೆಯ ಮೇಲೆ ಆ ದೀಪ ಬಂತು. ಅಮ್ಮ ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿದ್ದೆ.

ಬೋಟಿನಲ್ಲಿ ಒಂದು ಕ್ರಮ ಉಂಟು. ಎಂಜಿನ್ ಕೈ ಕೊಟ್ಟಾಗ ಚುಕ್ಕಾಣಿ ಯಾರ ಕೈಯಲ್ಲಿತ್ತೋ ಅವನೇ ದಡಕ್ಕೆ ಬಂದು ಮಾಲಿಕನಿಗೆ ಉತ್ತರ ಹೇಳಬೇಕು. ಎಣ್ಣೆ ಹಾಕಲು ಮರೆತವನು ಇನ್ನೊಬ್ಬನಿರಬಹುದು, ಪ್ರೊಪೆಲ್ಲರಿಗೆ ಬಲೆ ಸುತ್ತಿದ್ದು ಯಾರದೋ ಬೇಜವಾಬ್ದಾರಿಯಿಂದ ಇರಬಹುದು, ಅದೆಲ್ಲ ಆಮೇಲೆ. ನೀರಿನ ಮೇಲೆ ನಿಂತು ವಾದ ಮಾಡಲು ಸಮಯವಿಲ್ಲದವರು ಮಾಡಿಕೊಂಡ ಕ್ರಮ, ಅಲ್ಲಿಗೆ ಅದು ಸರಿಯೇ ಇರಬೇಕು. ಅಪ್ಪ ಅದನ್ನು ಇದ್ದ ಹಾಗೆಯೇ ನಮ್ಮ ಅಂಗಳಕ್ಕೆ ತಂದು ಕಾರಿಗೆ ಹಚ್ಚಿದರು.

“ಲೈಟ್ ಬರುವಾಗ ಸ್ಟೇರಿಂಗ್ ಯಾರ ಕೈಯಲ್ಲಿತ್ತು?” ಎಂದು ಕೇಳಿದರು.

ಅಪ್ಪ ನನ್ನ ಕಡೆ ತಿರುಗಿದರು. “ನಿನ್ನ ಪುಸ್ತಕ ತಾ ಮಗಳೇ. ಓದು ಅದನ್ನು.”

ಈಗ ಪುಸ್ತಕದ ವಿಷಯ. ನಾನು ದಿನಚರಿ ಬರೆಯುತ್ತೇನೆ, ಅದರಲ್ಲಿ ಕಾರಿಗೆ ಪ್ರತ್ಯೇಕ ಪುಟಗಳಿವೆ. ತಾರೀಕು, ಓಡಿಸಿದವರು, ಎಲ್ಲಿಂದ ಎಲ್ಲಿಗೆ, ಹಿಡಿದ ಸಮಯ, ವಿಶೇಷ ಎಂದು ಐದು ಕಾಲಂ. ಮಂಗಳವಾರದ ಸಾಲಿನಲ್ಲಿ, ವಿಶೇಷ ಎಂಬಲ್ಲಿ ನಾನು ಅಂದವಾಗಿ ಬರೆದಿದ್ದೆ: ‘ಅಮ್ಮ ಓಡಿಸುವಾಗ ಎಂಜಿನ್ ದೀಪ ಬಂತು.’ ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸುಳ್ಳಿಲ್ಲವೆಂದೇ ಗಟ್ಟಿಯಾಗಿ ಓದಿದೆ. ಆಮೇಲೆ ಮನೆಗೆ ಯಾರು ಬಂದರೂ ಅಪ್ಪ ಅದನ್ನೇ ಓದಿಸಿದರು. ಒಟ್ಟು ಆರು ಸಲ. “ಕ್ಲಚ್ಚಿನ ಮೇಲೆ ಕಾಲಿಟ್ಟೇ ಓಡಿಸ್ತಾಳೆ ಮಾರಾಯ, ಎಂಜಿನ್ ಎಷ್ಟು ಅಂತ ತಡೆದೀತು?” ಎಂದು ಅವರು ವಿವರಣೆ ಸೇರಿಸುತ್ತಿದ್ದರು. ಅಪ್ಪನಿಗೆ ಕಾರು ಓಡಿಸಲು ಬರುವುದಿಲ್ಲ ಎಂಬುದನ್ನು ನೀವು ಇಲ್ಲಿ ಗಮನಿಸಬೇಕು. ಅಮ್ಮ ಕೀಯನ್ನು ಮೊಳೆಗೆ ನೇತುಹಾಕಿ ಮರುದಿನದಿಂದ ಮತ್ತೆ ಬುಟ್ಟಿ ಹೊತ್ತಳು. “ಓಡಿಸುದಿಲ್ಲ. ನನ್ನಿಂದ ಹಾಳಾಯ್ತು ಅಂತ ಹೇಳಿಸಿಕೊಳ್ಳುದಕ್ಕಿಂತ ಬಸ್ಸಿನವನೇ ಅಡ್ಡಿಲ್ಲ” ಎಂದಳು.

ಕೂಳೂರಿನ ನಮ್ಮ ಮೆಕ್ಯಾನಿಕ್ ಲೋಕೇಶಣ್ಣ ಕಾರಿನ ಅಡಿಗೆ ನುಸುಳಿ, ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದು ಹೇಳಿದ. ಹೊಗೆಕೊಳವೆಯಲ್ಲಿ ಕುಳಿತು ಹೊಗೆಯನ್ನು ಮೂಸಿ ನೋಡಿ, ಪೆಟ್ರೋಲು ಹೆಚ್ಚಾಯಿತು, ಗಾಳಿ ಕಡಿಮೆಯಾಯಿತು ಎಂದು ಎಂಜಿನ್ನಿಗೆ ವರದಿ ಕೊಡುವ ಸಾಧನ. ಮೂಗಿನ ಕೆಲಸ. ಮೂಗಿಗೂ ವಯಸ್ಸಾಗುತ್ತದೆ, ನಮ್ಮ ಕಾರಿನದ್ದು ಒಂಬತ್ತು ವರ್ಷ ಹೊಗೆ ಕುಡಿದು ಸುಸ್ತಾಗಿತ್ತು. ಹೊಸದು ಹಾಕಿದ್ದಾಯಿತು. ಎಂಜಿನ್ ಚಾಲೂ ಮಾಡಿದೆವು. ದೀಪ ಹಾಗೆಯೇ ಉರಿಯುತ್ತಿತ್ತು.

ನನ್ನ ನಿಜವಾದ ಸಿಟ್ಟು ಶುರುವಾದದ್ದು ಇಲ್ಲಿಂದ. ತಪ್ಪಿತ್ತು, ಸರಿ, ದೀಪ ಬಂತು, ಒಪ್ಪಿಕೊಂಡೆ. ತಪ್ಪನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದೇವೆ, ಜಾಗಕ್ಕೆ ಹೊಸದು ಬಂದು ಕೂತಿದೆ, ಆದರೂ ದೂರು ವಾಪಸ್ ಇಲ್ಲ! “ಅದು ಒಳಗೆ ಕೋಡ್ ಬರೆದಿಟ್ಟಿರ್ತದೆ. ಓಡಿಸ್ತಾ ಓಡಿಸ್ತಾ ತನ್ನಷ್ಟಕ್ಕೆ ಹೋಗ್ತದೆ” ಎಂದ ಲೋಕೇಶಣ್ಣ. ಅಪ್ಪ ಅಂಗಳದಿಂದ ಕಾರು ಬಿಡಲಿಲ್ಲ. “ಲೈಟ್ ಹೋದ ಮೇಲೆ ಓಡಿಸಿ” ಎಂದರು. ಓಡಿಸದೆ ದೀಪ ಹೋಗುವುದಿಲ್ಲ, ದೀಪ ಹೋಗದೆ ಓಡಿಸುವಂತಿಲ್ಲ. ಈ ಎರಡು ವಾಕ್ಯಗಳ ನಡುವೆ ನಮ್ಮ ಕಾರು ಹನ್ನೆರಡು ದಿನ ನಿಂತಿತು. ಅಷ್ಟೂ ದಿನ ಅಮ್ಮ ಬಸ್‌ಸ್ಟಾಪಿನಲ್ಲಿ ನಿಂತಳು.

ನಡುವೆ ಒಂದು ದಿನ ಲೋಕೇಶಣ್ಣನೇ ಬಂದು ಬ್ಯಾಟರಿಯ ವಯರ್ ಕಳಚಿ, ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು ಮತ್ತೆ ಜೋಡಿಸಿದ. ಕೆಲವು ಕಾರುಗಳಲ್ಲಿ ಹೀಗೆ ಮಾಡಿದರೆ ಎಲ್ಲ ಮರೆತುಹೋಗುತ್ತದಂತೆ. ನಮ್ಮದೂ ಮರೆಯಿತು. ಗಡಿಯಾರ ಹನ್ನೆರಡಕ್ಕೆ ಹೋಗಿ ನಿಂತಿತು, ಅಮ್ಮ ಆಸೆಯಿಂದ ಹಿಡಿದಿಟ್ಟಿದ್ದ ರೇಡಿಯೋ ಸ್ಟೇಷನ್ನುಗಳೆಲ್ಲ ಹೋದವು. ದೀಪ ಮಾತ್ರ ಹೋಗಲಿಲ್ಲ. ಸುಖದ ವಿಷಯವನ್ನೆಲ್ಲ ಬಿಟ್ಟುಕೊಟ್ಟು ದೂರೊಂದನ್ನೇ ಎದೆಗವಚಿಕೊಂಡು ಕೂತ ಆ ಯಂತ್ರಕ್ಕೆ ಚಕ್ರದ ಬಳಿ ಒಂದು ಒದೆ ಕೊಟ್ಟೆ. ನೋವಾದದ್ದು ನನಗೆ.

ಹತ್ತೊಂಬತ್ತನೇ ದಿನ ಶನಿವಾರ. ಅಪ್ಪ ದಕ್ಕೆಗೆ ಹೋದದ್ದು ನೋಡಿ ನಾನು ಮೊಳೆಯಿಂದ ಕೀ ತೆಗೆದೆ. ಸುರತ್ಕಲ್ ಮಾರ್ಕೆಟ್ಟಿನ ಹಿಂದೆ ಇಕ್ಬಾಲ್ ಎಂಬ ಆಟೋ ಎಲೆಕ್ಟ್ರಿಷಿಯನ್ ಇದ್ದಾನೆ, ಅವನ ಹತ್ತಿರ ಕೋಡ್ ಓದುವ ಸ್ಕ್ಯಾನರ್ ಉಂಟು. ಸ್ಟೇರಿಂಗಿನ ಅಡಿಯಲ್ಲಿ ಅದರ ಪ್ಲಗ್ ಚುಚ್ಚಿ ಅವನು ಪರದೆ ನೋಡಿದ.

“ಸೆನ್ಸರಿನದ್ದೇ ಹಳೆ ಕೋಡ್. ಈಗ ಎಂತ ತೊಂದರೆಯೂ ಇಲ್ಲ. ಅಳಿಸುದಾ?”

“ಅಳಿಸು, ಅಳಿಸು” ಎಂದೆ. ಆದರೆ ಏನೇ ಕಂಡರೂ ಬರೆದಿಟ್ಟುಕೊಳ್ಳುವ ಚಟ ನನ್ನದು. “ಒಂದು ನಿಮಿಷ. ಅದರಲ್ಲಿ ಬೇರೆ ಎಂತ ಬರೆದುಂಟು?”

“ಮೊದಲ ಸಲ ತಪ್ಪು ಕಂಡಾಗ ಗಾಡಿ ಹೇಗಿತ್ತು ಅಂತ ಉಂಟು. ಎಂಜಿನ್ ಬಿಸಿ ಇತ್ತು. ಸ್ಪೀಡು ಎಂಬತ್ತಾರು.”

ನಾನು ಪೆನ್ನು ಎತ್ತಿದವಳು ಹಾಗೇ ನಿಂತೆ. ಅಮ್ಮನ ಜೀವಮಾನದ ದಾಖಲೆ ನಲವತ್ತೆರಡು. ನನ್ನ ಪುಸ್ತಕದಲ್ಲೇ ಉಂಟು. ಸೇತುವೆಯ ಮೇಲೆ ಅಂದು ಅವಳು ಮೂವತ್ತೈದು ದಾಟಿರಲಿಲ್ಲ.

“ಮಂಗಳವಾರ ಬೆಳಿಗ್ಗೆ ದೀಪ ಬಂದದ್ದು. ಅಮ್ಮ ಓಡಿಸುವಾಗ” ಎಂದೆ.

“ದೀಪ ಆಗ ಬಂದಿರ್ಬಹುದು. ಒಂದು ಸಲ ತಪ್ಪು ಕಂಡ್ರೆ ಗಾಡಿ ಒಳಗೆ ಬರೆದಿಡ್ತದೆ, ಹೊರಗೆ ಹೇಳುದಿಲ್ಲ. ಮರುಸಲ ಓಡಿಸುವಾಗಲೂ ಕಂಡ್ರೆ ಮಾತ್ರ ಲೈಟ್ ಹಾಕ್ತದೆ. ಅದಕ್ಕಿಂತ ಮೊದಲು ಯಾರು ಓಡಿಸಿದ್ದು?”

ಮಂಗಳವಾರದ ಪುಟ ತೆರೆದೆ. ಸೋಮವಾರ ಸಂಜೆ. ಓಡಿಸಿದವರು: ನಾನು, ಒಬ್ಬಳೇ. ಸುರತ್ಕಲ್‌ನಿಂದ ಕೂಳೂರಿಗೆ. ಹನ್ನೊಂದು ನಿಮಿಷ. ವಿಶೇಷ ಎಂಬಲ್ಲಿ, ಕೆಂಪು ಶಾಯಿಯಲ್ಲಿ, ಅಡಿಗೆರೆ ಸಮೇತ: ‘ಹೊಸ ದಾಖಲೆ!’

ಹತ್ತೊಂಬತ್ತು ದಿನ ನಾನು ದೀಪವನ್ನು ಬೈದಿದ್ದೆ, ಅಪ್ಪನನ್ನು ಬೈದಿದ್ದೆ, ಚಿತ್ರ ಬರೆದವನನ್ನೂ ಬಿಟ್ಟಿರಲಿಲ್ಲ. ಉತ್ತರ ನನ್ನ ಅಕ್ಷರದಲ್ಲೇ, ಸರಿಯಾಗಿ ಅಮ್ಮನ ಹೆಸರಿನ ಮೇಲಿನ ಸಾಲಿನಲ್ಲಿತ್ತು. ಆರು ಸಲ ಗಟ್ಟಿಯಾಗಿ ಓದುವಾಗಲೂ ನನ್ನ ಬೆರಳು ಒಂದು ಸಾಲು ಮೇಲೆ ಹೋಗಿರಲಿಲ್ಲ.

“ಅಳಿಸಬೇಡ!” ಎಂದು ಕೂಗಿದೆ. ಅಳಿಸಿದರೆ ಆ ಎಂಬತ್ತಾರೂ ಹೋಗುತ್ತದೆ. ಓಡಿಹೋಗಿ ಅಮ್ಮನನ್ನು ಕರೆದೆ. ಅರ್ಧ ಕೊಯ್ದ ಅಂಜಲ್ ಮೀನನ್ನು ಪಕ್ಕದವಳಿಗೆ ವಹಿಸಿ, ಸೆರಗಿಗೆ ಕೈ ಒರೆಸುತ್ತ ಅಮ್ಮ ಬಂದಳು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅಮ್ಮ ಪರದೆಯನ್ನೂ ನನ್ನನ್ನೂ ನೋಡಿ, ಅಪ್ಪನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

“ಕೇಳಿತಾ? ಮೊದಲು ಹಾಳಾಗುವಾಗ ಸ್ಟೇರಿಂಗ್ ನಿಮ್ಮ ಮಗಳ ಕೈಯಲ್ಲಿತ್ತಂತೆ. ಎಂಬತ್ತಾರರಲ್ಲಿ.”

ದಕ್ಕೆಯ ಗಲಾಟೆಯ ನಡುವಿನಿಂದ ಅಪ್ಪ, “ಎಂಬತ್ತಾರಾ? ಹೇಳಿದ್ದು ಯಾರು?” ಎಂದರು.

“ಗಾಡಿಯೇ ಹೇಳಿದ್ದು. ಅವಳ ಪುಸ್ತಕದಲ್ಲೂ ಹನ್ನೊಂದು ನಿಮಿಷ ಅಂತ ಉಂಟು. ಓದಿಸ್ಲಾ?”

ಅಪ್ಪನಿಗೆ ಫಕ್ಕನೆ ಏಲಂ ಶುರುವಾಯಿತು, ಫೋನ್ ಇಟ್ಟರು.

ಇಕ್ಬಾಲ್ ನಗು ತಡೆದುಕೊಂಡು ಅಮ್ಮನಿಗೆ, “ಯಾರದ್ದೂ ತಪ್ಪಲ್ಲ ಜಲಜಕ್ಕ. ಅದರಷ್ಟಕ್ಕೆ ಹಳತಾಗಿತ್ತು. ಹತ್ತರ ಸ್ಪೀಡಲ್ಲಿ ಹೋದ್ರೂ ಅದು ಹೋಗ್ತಿತ್ತು” ಎಂದ.

“ಹಾಗಾದ್ರೆ ಅಳಿಸು” ಎಂದಳು ಅಮ್ಮ.

“ಬೇಡಮ್ಮ, ಒಂದು ಫೋಟೋ ತೆಗೆದಿಡ್ತೇನೆ” ಎಂದೆ. “ನಾಳೆ ಅಪ್ಪ ಪುನಃ ಹೇಳಿದ್ರೆ ತೋರಿಸ್ಲಿಕ್ಕೆ ಬೇಕಲ್ಲ?”

“ಎಂತಕ್ಕೆ ಫೋಟೋ? ಇನ್ನು ಹತ್ತೊಂಬತ್ತು ದಿನ ನಾನು ನಿನ್ನನ್ನು ಕೂರಿಸಿ ಓದಿಸ್ಲಿಕ್ಕಾ?” ಅಮ್ಮ ಇಕ್ಬಾಲ್ ಕಡೆ ತಿರುಗಿದಳು. “ನೀನು ಅಳಿಸು ಮಾರಾಯ. ನನಗೆ ಮೀನು ಉಂಟು.”

ಅವನು ಒಂದು ಗುಂಡಿ ಒತ್ತಿದ. ಅಷ್ಟೇ. ಹತ್ತೊಂಬತ್ತು ದಿನದ್ದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಯಿತು. ನನ್ನ ಪುಸ್ತಕದಲ್ಲಿ ಅಂಥ ಗುಂಡಿ ಇಲ್ಲವಲ್ಲ ಎಂದು ಮೊದಲ ಬಾರಿಗೆ ನನಗೆ ಬೇಸರವಾಯಿತು. ನಾನು ಅದನ್ನು ಚೀಲದೊಳಗೆ ಹಾಕಿ ಜಿಪ್ ಎಳೆದೆ.

ಇಕ್ಬಾಲ್ ಒಂದು ಕೆಲಸ ಬಾಕಿ ಉಳಿಸಿದ್ದ. ಕೋಡ್ ಅಳಿಸಿದ ಮೇಲೆ ಕಾರು ತನ್ನನ್ನು ತಾನೇ ಮತ್ತೆ ಪರೀಕ್ಷೆ ಮಾಡಿಕೊಳ್ಳಬೇಕಂತೆ. ಅದಕ್ಕೆ ಹೈವೇಯಲ್ಲಿ ಅರವತ್ತರ ಆಸುಪಾಸಿನಲ್ಲಿ ಹತ್ತು ನಿಮಿಷ ಒಂದೇ ಸಮ ಓಡಿಸಬೇಕು. ನಾನು ಡ್ರೈವರ್ ಕಡೆಯ ಬಾಗಿಲಿಗೆ ಕೈ ಹಾಕಿದೆ. ಅಮ್ಮ ಕೀಗಾಗಿ ಕೈ ಚಾಚಿದಳು.

ಮಾರ್ಕೆಟ್ ದಾಟಿ ಹೈವೇಗೆ ಬಂದೆವು. ನಲವತ್ತರವರೆಗೆ ಅಮ್ಮನ ಹಳೆಯ ಪರಿಚಯದ ಊರು. ನಲವತ್ತೆರಡಕ್ಕೆ ಸ್ಟೇರಿಂಗ್ ಬಿಗಿಯಾಗಿ ಹಿಡಿದಳು. ಐವತ್ತಕ್ಕೆ ಮಾತು ನಿಲ್ಲಿಸಿದಳು. ಮುಂದೆ ಒಂದು ಸಿಟಿ ಬಸ್ಸು ಹೋಗುತ್ತಿತ್ತು, ಹಿಂಬಾಗಿಲಲ್ಲಿ ಕಂಡಕ್ಟರ್ ನೇತಾಡುತ್ತಿದ್ದ. ಅಮ್ಮ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಹಾರ್ನ್ ಒತ್ತಿ, ಬಲಕ್ಕೆ ಬಂದು ಬಸ್ಸಿನ ಪಕ್ಕದಿಂದಲೇ ಮುಂದೆ ಹೋದಳು. ಸ್ಪೀಡೋಮೀಟರಿನ ಎಡಗಡೆ ಕತ್ತಲೆ, ಅಲ್ಲಿ ಏನೂ ಇರಲಿಲ್ಲ.

“ಎಷ್ಟುಂಟು?” ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

“ಅರವತ್ತೆರಡು.”

“ಪುಸ್ತಕ ಎಲ್ಲಿ?”

“ಚೀಲದಲ್ಲಿ. ಇವತ್ತು ಬರೆಯುದಿಲ್ಲಮ್ಮ.”

“ತೆಗಿ ಹೊರಗೆ. ಅರವತ್ತೆರಡು ಅಂತ ಬರೆ.” ಸ್ವಲ್ಪ ದೂರ ಹೋದ ಮೇಲೆ ಕೇಳಿದಳು: “ಕಂಡಕ್ಟರ್ ನೋಡಿದನಾ?”

“ನೋಡಿದ.”

“ಅದನ್ನೂ ಬರೆ. ಕೆಂಪು ಶಾಯಿಯಲ್ಲಿ.”