ಅಂಟಿಸಿ ಓದಿದ್ಯಾ?

ಹೋದ ತಿಂಗಳು ದೆಹಲಿಯ ಲಕ್ಷ್ಮೀ ನಗರದ ಮೆಟ್ರೋ ಮೆಟ್ಟಿಲಿಳಿದು ಬರುವಾಗ ಒಬ್ಬ ಭಯ್ಯಾ ಕಂಬಕ್ಕೆ ಕೋಚಿಂಗ್ ಕ್ಲಾಸಿನ ಪೋಸ್ಟರ್ ಅಂಟಿಸುತ್ತಿದ್ದ. ಹಳೆಯದರ ಮೇಲೆ ಹೊಸದು, ಅದರ ಮೇಲೆ ಇನ್ನೊಂದು. ಪಕ್ಕದ ಬಕೆಟ್ಟಿನಲ್ಲಿ ಕುದಿಸಿದ ಮೈದಾ ಅಂಟು, ಹುಳ ಹಿಡಿಯದಿರಲೆಂದು ಅದಕ್ಕೆ ಹಾಕಿದ ಚೂರು ಮೈಲುತುತ್ತ... ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ನಿಂತುಬಿಟ್ಟಿತು. ಹಿಂದಿದ್ದ ಹುಡುಗರು "ಅಂಕಲ್, ಚಲೋ ಚಲೋ" ಎಂದು ತಳ್ಳಿಕೊಂಡೇ ಮುಂದೆ ಹೋದರು.

ಅದು ಅಕ್ಕನ ಕೈಯ ವಾಸನೆ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಸಂಸತ್ತಿನ ಸಮಿತಿಯೊಂದರ ಕಚೇರಿಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ನನ್ನ ಎದುರು ಮೇಜಿನಲ್ಲಿದ್ದ ಹಿರಿಯ ನೌಕರರು. ಉಳಿದವರಿಗೆಲ್ಲ ದೀದಿ, ಕನ್ನಡ ಬರುತ್ತದೆಂದು ಗೊತ್ತಾದ ದಿನದಿಂದ ನನಗೆ ಅಕ್ಕ. ಅವರ ಅಪ್ಪ ಕುಂದಾಪುರದ ಕಡೆಯಿಂದ ಬಂದು ಇಲ್ಲಿನ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದವರು. ಅಕ್ಕ ದೆಹಲಿಯಲ್ಲೇ ಬೆಳೆದು, ಹನ್ನೆರಡನೆಯ ಕ್ಲಾಸು ಮುಗಿಸಿ, ಟೈಪಿಂಗ್ ಪಾಸು ಮಾಡಿ ಗುಮಾಸ್ತರಾಗಿ ಸೇರಿದ್ದರು. ನನ್ನಪ್ಪ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ. ನಮ್ಮ ವಂಶದಲ್ಲೇ ಕಾಲೇಜು ಕಂಡವನು ನಾನೊಬ್ಬನೇ. ಅದರ ಹೆಮ್ಮೆ ನನಗೆ ಆಗಲೂ ಇತ್ತು, ಈಗಲೂ ಇದೆ. ಅದಕ್ಕಾಗಿ ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಅಕ್ಕ ಅದನ್ನು ಮೊದಲ ವಾರದಲ್ಲೇ ಗುರುತು ಹಿಡಿದು ನನಗೆ "ಡಿಗ್ರಿ" ಎಂದು ಹೆಸರಿಟ್ಟರು.

ನಮ್ಮ ಕೆಲಸ ಏನೆಂದು ಊರಿನವರಿಗೆ ಹೇಳುವುದು ಕಷ್ಟವಾಗುತ್ತಿತ್ತು. ಕಾಯ್ದೆ ಮಾಡುವುದು ಸಂಸತ್ತು. ಆದರೆ ಕಾಯ್ದೆಯ ಕೆಳಗಿನ ನಿಯಮಗಳನ್ನು ಬರೆಯುವುದು ಸಚಿವಾಲಯಗಳು. ಯಂತ್ರಕ್ಕೆ ಬೇಲಿ ಎಷ್ಟೆತ್ತರ, ಯಾವ ಫಾರಮ್ಮು, ಯಾರು ತಪಾಸಣೆ ಮಾಡಬೇಕು ಎಂಬುದೆಲ್ಲ ಅವುಗಳಲ್ಲಿರುತ್ತದೆ. ಬರೆದು ಸುಮ್ಮನಿರುವುದಿಲ್ಲ, ತಿದ್ದುತ್ತಲೇ ಇರುತ್ತಾರೆ. ತಿದ್ದಿದ್ದನ್ನೆಲ್ಲ ಸದನದ ಮುಂದೆ ಇಡಬೇಕು. ಇಂತಿಷ್ಟು ದಿನದೊಳಗೆ ಸದಸ್ಯರು ಇದು ಬೇಡ ಎನ್ನಬಹುದು. ಆ ರಾಶಿಯಲ್ಲಿ ಎಲ್ಲಿ ಹುಳುಕಿದೆ ಎಂದು ಮೊದಲು ಓದಿ ಸಮಿತಿಗೆ ತಿಳಿಸುವವರು ನಾವು. ನಾವು "ಅಭಿಪ್ರಾಯವಿಲ್ಲ" ಎಂದು ಬರೆದದ್ದನ್ನು ಆಮೇಲೆ ಯಾರೂ ತೆರೆದು ನೋಡುವುದಿಲ್ಲ.

ಗೆಜೆಟ್ಟಿನಲ್ಲಿ ಬರುವ ತಿದ್ದುಪಡಿಗೆ ತಲೆಯೂ ಇರುವುದಿಲ್ಲ, ಬಾಲವೂ ಇರುವುದಿಲ್ಲ. "ಇಂಥ ನಿಯಮದ ಇಂಥ ಉಪನಿಯಮದ ಬದಲು ಈ ಕೆಳಗಿನದನ್ನು ಸೇರಿಸತಕ್ಕದ್ದು" ಎಂದಿರುತ್ತದೆ, ಅಷ್ಟೇ. ಅಕ್ಕ ಆ ಚೀಟಿಯನ್ನು ಕತ್ತರಿಸಿ, ಹಳೆಯ ನಿಯಮಾವಳಿ ಪುಸ್ತಕದಲ್ಲಿ ಅದರ ಜಾಗ ಹುಡುಕಿ, ಮನೆಯಿಂದ ಡಬ್ಬಿಯಲ್ಲಿ ತಂದ ಮೈದಾ ಅಂಟಿನಿಂದ ಅಂಟಿಸುತ್ತಿದ್ದರು. ಪುಸ್ತಕಗಳು ಊದಿಕೊಂಡು ಮುಚ್ಚಲು ಬರುತ್ತಿರಲಿಲ್ಲ. ಅಂಟಿಸಿದ ಮೇಲೆ ಇಡೀ ನಿಯಮವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದುವುದು ಅವರ ಪದ್ಧತಿ. ನಾನು ಎದುರು ಕೂತು ಆಕಳಿಸುತ್ತಿದ್ದೆ.

"ಅಕ್ಕಾ, ಇದೆಲ್ಲ ಕಂಪ್ಯೂಟರಿನಲ್ಲಿದೆ. ನೀವಿನ್ನೂ ಮೈದಾ ಕಲಸ್ತಾ ಕೂತಿದೀರಲ್ಲ" ಎಂದೆ ಒಮ್ಮೆ.

"ಹೌದಾ ಡಿಗ್ರಿ? ನಿನ್ನ ಕಂಪ್ಯೂಟರಲ್ಲಿ ಹೋದ ವರ್ಷದ ತಿದ್ದುಪಡಿ ಸೇರಿದ್ಯಾ?"

"ಸೇರಿಸ್ತಾರೆ ಬಿಡಿ."

"ಅಚ್ಛಾ. ಅವ್ರು ಸೇರಿಸೋ ತನಕ ನಾನು ಹುಯ್ತಾ ಇರ್ತೀನಿ ಮಾರಾಯ. ಅಪ್ಪನ ಕಸುಬು, ಕೈ ಸುಮ್ನಿರಲ್ಲ." ಆಮೇಲೆ ನಗು ನಿಲ್ಲಿಸಿ ಹೇಳಿದ್ದರು: "ಚೀಟಿ ಓದಿದ್ರೆ ಏನೂ ತಿಳಿಯಲ್ಲ. ಅಂಟಿಸಿ ಓದ್ಬೇಕು."

ಮಗಳ ಬೋರ್ಡ್ ಪರೀಕ್ಷೆಗೆಂದು ಅಕ್ಕ ಎಂಟು ದಿನ ರಜೆ ಹಾಕಿದ ವಾರದಲ್ಲೇ ಆ ತಿದ್ದುಪಡಿ ಬಂದದ್ದು. ಯಂತ್ರಗಳ ಸುರಕ್ಷತೆಯ ನಿಯಮಗಳಿಗೆ ಮಾಡಿದ್ದು. ಮೂರನೆಯ ಉಪನಿಯಮದ ಬದಲು ಹೊಸದನ್ನು ಸೇರಿಸಿ, ಕಾರ್ಖಾನೆಯವರು ತಪಾಸಣೆಯ ರಿಜಿಸ್ಟರನ್ನು ಇನ್ನು ಮುಂದೆ ಕಂಪ್ಯೂಟರಿನಲ್ಲೂ ಇಡಬಹುದು ಎಂದಿತ್ತು. ನಾನು ಪರದೆಯ ಮೇಲಿನ ಪ್ರತಿ ತೆರೆದೆ. ಮೂರನೆಯದು ರಿಜಿಸ್ಟರಿನದೇ. ಸರಿಯಾಗಿದೆ. "ಅಭಿಪ್ರಾಯವಿಲ್ಲ" ಎಂದು ಬರೆದು ಸಹಿ ಹಾಕಿದೆ. ಅಂಥವು ಆ ವಾರ ನಲವತ್ತಕ್ಕೂ ಹೆಚ್ಚು ಇದ್ದವು.

ರಜೆ ಮುಗಿಸಿ ಬಂದ ಅಕ್ಕ ಫೈಲುಗಳ ಮೇಲೆ ಕೈಯಿಟ್ಟು ಕೇಳಿದರು. "ಅಂಟಿಸಿ ಓದಿದ್ಯಾ?"

"ಹೂಂ" ಎಂದೆ.

ಅವರು ನನ್ನ ಸಹಿಯ ಮೇಲೆ ತಮ್ಮ ಸಹಿ ಹಾಕಿದರು. ನನ್ನ ಮಾತನ್ನು ನಂಬಿ ಹಾಕಿದರು.

ಒಂದು ವರ್ಷ ಕಳೆದಿರಬೇಕು. ಫರೀದಾಬಾದಿನಿಂದ ಒಂದು ಕಾಗದ ಬಂತು. ಹಿಂದಿಯಲ್ಲಿ, ಶಾಲೆಯ ಮಕ್ಕಳ ದುಂಡು ಅಕ್ಷರದಲ್ಲಿ. ತಗಡು ಒತ್ತುವ ಪವರ್ ಪ್ರೆಸ್ಸಿನಲ್ಲಿ ದುಡಿಯುತ್ತಿದ್ದ ಹೆಂಗಸು ಮಗಳ ಕೈಯಲ್ಲಿ ಬರೆಸಿದ್ದು. ಅವಳ ಬಲಗೈಯ ನಾಲ್ಕು ಬೆರಳು ಹೋಗಿದ್ದವು. ಕೈ ಒಳಹೋಗದಂತೆ ಪ್ರೆಸ್ಸಿಗೊಂದು ಜಾಲರಿ ಇತ್ತಂತೆ. ಕೆಲಸ ನಿಧಾನವಾಗುತ್ತದೆಂದು ಮಾಲೀಕ ಅದನ್ನು ಬಿಚ್ಚಿಸಿದನಂತೆ. ಕೇಳಲು ಹೋದರೆ ಇನ್ಸ್‌ಪೆಕ್ಟರ್ ಪುಸ್ತಕ ತೋರಿಸಿ, ಜಾಲರಿ ಇರಲೇಬೇಕೆಂಬ ನಿಯಮ ಈಗಿಲ್ಲ ಎಂದನಂತೆ. ಕಾಗದದ ಕೊನೆಗೆ ಒಂದೇ ಬೇಡಿಕೆ. ಪರಿಹಾರವನ್ನಾಗಲಿ ಕೆಲಸವನ್ನಾಗಲಿ ಅವಳು ಕೇಳಿರಲಿಲ್ಲ. "ಆ ನಿಯಮ ತೆಗೆದವರ ಹೆಸರು ತಿಳಿಸಿ."

ಅಕ್ಕ ಊದಿದ ಪುಸ್ತಕ ತೆಗೆದರು. ಆ ಪುಟದಲ್ಲಿ ಹೊಸ ಚೀಟಿ ಇರಲಿಲ್ಲ. ಚೀಟಿ ಹುಡುಕಿ, ಕತ್ತರಿಸಿ, ಅಂಟಿಸಿ, ಮೊದಲಿಂದ ಗಟ್ಟಿಯಾಗಿ ಓದತೊಡಗಿದರು. ಒಂದನೆಯದು... ಎರಡನೆಯದು ರಿಜಿಸ್ಟರು. ಮೂರನೆಯದೂ ರಿಜಿಸ್ಟರು. ಜಾಲರಿ ಎಲ್ಲೂ ಇಲ್ಲ.

ಆದದ್ದು ಇಷ್ಟು. ಅದಕ್ಕೂ ಹಿಂದಿನ ವರ್ಷ ಒಂದು ಉಪನಿಯಮ ರದ್ದಾಗಿ, ಕೆಳಗಿನವೆಲ್ಲ ಒಂದೊಂದು ಮೆಟ್ಟಿಲು ಮೇಲೆ ಹತ್ತಿದ್ದವು. ರಿಜಿಸ್ಟರು ಎರಡಕ್ಕೆ ಬಂದಿತ್ತು, ಜಾಲರಿ ಮೂರಕ್ಕೆ. ಸಚಿವಾಲಯದಲ್ಲಿ ಯಾರೋ ಹಳೆಯ ಪ್ರತಿ ಮುಂದಿಟ್ಟುಕೊಂಡು, ಮೂರನ್ನು ತೆಗೆದು ರಿಜಿಸ್ಟರು ಸೇರಿಸಿ ಎಂದು ಬರೆದಿದ್ದರು. ನಾನೂ ಹಳೆಯ ಪ್ರತಿಯನ್ನೇ ನೋಡಿ ತಲೆಯಾಡಿಸಿದ್ದೆ. ಮೈದಾ ಹಚ್ಚಿದ ಆ ಪುಸ್ತಕವೊಂದರಲ್ಲಿ ಮಾತ್ರ, ಹಿಂದಿನ ವರ್ಷದ ಚೀಟಿಯೂ ಸೇರಿ, ನಿಯಮ ಅದು ಇದ್ದ ಹಾಗೆ ಇತ್ತು. ಅದು ನನ್ನ ಮೇಜಿನಿಂದ ನಾಲ್ಕು ಹೆಜ್ಜೆ ದೂರದ ಕಪಾಟಿನಲ್ಲಿತ್ತು.

"ಹೂಂ ಅಂದಿದ್ಯಲ್ಲೋ" ಎಂದರು ಅಕ್ಕ. ಡಿಗ್ರಿ ಎನ್ನಲಿಲ್ಲ.

ಅವತ್ತೇ ಟಿಪ್ಪಣಿ ಬರೆದು ಸಾಹೇಬರ ಮುಂದಿಟ್ಟರು. ಸಾಹೇಬರು ದಿನ ಎಣಿಸಿ ನೋಡಿ, ಸದನ ಬೇಡ ಎನ್ನಬಹುದಾಗಿದ್ದ ಅವಧಿ ಎಂದೋ ಮುಗಿದಿದೆ ಎಂದರು. ಸಚಿವಾಲಯಕ್ಕೊಂದು ಪತ್ರ ಹೋಗಲಿ. ಅರ್ಜಿದಾರಳಿಗೆ "ಸೂಕ್ತ ಕ್ರಮಕ್ಕಾಗಿ ಕಳುಹಿಸಲಾಗಿದೆ" ಎಂದು ಬರೆಯಿರಿ. ಆ ಉತ್ತರ ಟೈಪು ಮಾಡಿದವನು ನಾನು. ಅಕ್ಕ ಓದಿ ನೋಡಿ, "ಅವಳು ಹೆಸರು ಕೇಳಿದ್ದಾಳೆ. ಇದು ಉತ್ತರವಾ?" ಎಂದು ವಾಪಸು ಇಟ್ಟರು. ಆದರೂ ಅದೇ ಹೋಯಿತು.

ವಾರದೊಳಗೆ ಮೇಲಿನಿಂದ ವಿವರಣೆ ಕೇಳಿದರು. ನಾನಿನ್ನೂ ಪ್ರೊಬೇಷನ್ನಿನಲ್ಲಿದ್ದೆ. ಒಂದು ಕಪ್ಪು ಗೆರೆ ಬಿದ್ದರೆ ಸಿಂಧನೂರಿಗೆ ವಾಪಸು ಹೋಗಬೇಕಿತ್ತು. ಒಪ್ಪಿಕೊಳ್ಳುತ್ತೇನೆ ಎಂದುಕೊಂಡೇ ಮೂರು ದಿನ ಕಳೆದೆ... ನಾಲ್ಕನೆಯ ದಿನ ಅಕ್ಕ ತಾವೇ ಬರೆದುಕೊಟ್ಟರು. ಹೊಸ ನೌಕರನ ಕೆಲಸವನ್ನು ಪರಿಶೀಲಿಸದೆ ಸಹಿ ಮಾಡಿದ್ದು ತನ್ನ ತಪ್ಪು ಎಂದು. ನನ್ನ "ಹೂಂ" ಅದರಲ್ಲಿ ಇರಲೇ ಇಲ್ಲ.

"ಅಕ್ಕಾ, ಯಾಕೆ ಹೀಗೆ ಮಾಡಿದ್ರಿ?"

"ನಂಗೆ ಎರಡು ವರ್ಷ ಉಳಿದಿದೆ. ನಿಂಗೆ ಮೂವತ್ತು" ಎಂದರು. ಆಮೇಲೆ, ನನ್ನ ಮುಖ ನೋಡದೆ, "ಮಾಫ್ ಮಾಡಿದೀನಿ ಅಂದ್ಕೋಬೇಡ" ಎಂದರು.

ಅವರನ್ನು ಟಪಾಲು ವಿಭಾಗಕ್ಕೆ ಹಾಕಿದರು. ಇಡೀ ನಿಯಮ ಓದಿ ಹುಳುಕು ಹಿಡಿಯುತ್ತಿದ್ದವರು ಲಕೋಟೆಗೆ ನಂಬರು ಬರೆಯುತ್ತ ಕೂತರು. ನಾನು ಚಹಾ ಒಯ್ದರೆ "ಇಡು" ಎನ್ನುತ್ತಿದ್ದರು. ಎರಡು ವರ್ಷದಲ್ಲಿ ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ. ನಿವೃತ್ತಿಯ ದಿನ ಹಾರ ಹಾಕುವಾಗ ನಾನು ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಅವರೂ ಕರೆಯಲಿಲ್ಲ.

ಜಾಲರಿಯ ನಿಯಮ ಮರಳಿ ಬರಲು ಮೂರು ವರ್ಷ ಹಿಡಿಯಿತು. ಇನ್ನೊಂದು ತಿದ್ದುಪಡಿ, ಇನ್ನೊಂದು ಚೀಟಿ. ಯಾಕೆ ಹೋಗಿತ್ತು, ನಡುವೆ ಎಷ್ಟು ಕೈಗಳು ಹೋದವು ಎಂಬುದು ಅದರಲ್ಲಿರಲಿಲ್ಲ. ಹೇಳೋಣವೆಂದು ಅಕ್ಕನ ನಂಬರು ಒತ್ತಿದೆ. ರಿಂಗಾಗುವ ಮೊದಲೇ ಇಟ್ಟೆ.

ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ಹನ್ನೊಂದನೆಯ ದಿನ ಘಾಜಿಯಾಬಾದಿನ ಅವರ ಫ್ಲ್ಯಾಟಿಗೆ ಹೋದೆ. ಮಗಳು ಬಾಗಿಲು ತೆರೆದಳು. ಕನ್ನಡ ಅರ್ಥವಾಗುತ್ತದೆ, ಆಡುವುದು ಕಮ್ಮಿ. ನೀರು ಕೊಟ್ಟು ಕೇಳಿದಳು. "ಅಂಕಲ್, ಅಮ್ಮ ಸೇ ಆಫೀಸ್ ಮೇ ಕ್ಯಾ ಗಲತಿ ಹುಯೀ ಥೀ? ನಾನು ಕೇಳಿದ್ರೆ ಹೇಳ್ತಾನೇ ಇರ್ಲಿಲ್ಲ."

ಆಫೀಸಿನಲ್ಲಿ ಏನು ತಪ್ಪಾಗಿತ್ತೆಂದು ಅಕ್ಕ ಮಗಳಿಗೂ ಹೇಳಿರಲಿಲ್ಲ. ಅಷ್ಟು ವರ್ಷ, ಸ್ವಂತ ಮನೆಯಲ್ಲೂ, ತಪ್ಪು ಮಾಡಿದವರಾಗಿಯೇ ಇದ್ದರು. ನಾನು ಎಲ್ಲವನ್ನೂ ಕನ್ನಡದಲ್ಲಿ, ನಿಧಾನವಾಗಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಬೈಯಲಿಲ್ಲ. ಲೋಟ ಎತ್ತಿಕೊಂಡು, ಪದ ಹುಡುಕುತ್ತ ಹುಡುಕುತ್ತ, "ಅಮ್ಮ ಇರುವಾಗ... ಅವರ ಮುಂದೆ ಹೇಳ್ಬೇಕಿತ್ತು" ಎಂದಳು. ಅವರ ಎಂದರೆ ಅಂದು ವಿವರಣೆ ಕೇಳಿದ ಮೇಲಿನವರ ಎಂದು ನನಗೆ ಗೊತ್ತಿತ್ತು.

ಕಂಬದ ಮುಂದೆ ನಿಂತ ಆ ಸಂಜೆ ಮನೆಗೆ ಬಂದು ಫರೀದಾಬಾದಿಗೆ ಒಂದು ಕಾಗದ ಬರೆದೆ. ಆ ವಿಳಾಸವನ್ನು ನಾನು ಮರೆತಿರಲಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇದು ಎಂದು ಹಿಂದಿಯಲ್ಲಿ ಬರೆದು, ಕೆಳಗೆ ನನ್ನ ಪೂರ್ತಿ ಹೆಸರು, ಅಪ್ಪನ ಹೆಸರು, ಊರು ಎಲ್ಲವನ್ನೂ ಬರೆದೆ. ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ.

ಇವತ್ತು ಬೆಳಿಗ್ಗೆ ಲಕೋಟೆ ವಾಪಸು ಬಂದಿದೆ. ಮೂಲೆಯಲ್ಲಿ ಅಂಚೆಯವನು ಬಾಲ್‌ಪೆನ್ನಿನಲ್ಲಿ ಹಿಂದಿಯಲ್ಲಿ ಗೀಚಿದ್ದಾನೆ: ಮನೆ ಬಿಟ್ಟು ಹೋಗಿದ್ದಾರೆ, ಎಲ್ಲಿಗೆಂದು ಯಾರಿಗೂ ಗೊತ್ತಿಲ್ಲ.